ಕೀಪ್ ಕಲಿಸಿದ ಮಿಸ್ಸು

ನಮ್ಮ ಇಂಗ್ಲಿಷ್ ಮಿಸ್ಸು ಓಲೆ ಹಾಕುತ್ತಿದ್ದದ್ದು ಒಂದೇ ಕಿವಿಗೆ. ಇನ್ನೊಂದರ ಹಾಲೆ ಚಿಕ್ಕಂದಿನಲ್ಲೇ ಹರಿದು ಎರಡು ಸೀಳಾಗಿತ್ತು. ಕೇಳಿದರೆ, "ಆ ಕಿವಿ ನಿಮ್ಮ ತಪ್ಪು ಇಂಗ್ಲಿಷ್ ಕೇಳ್ಲಿಕ್ಕೆ ಇರೋದು, ಅದಕ್ಕೆ ಯಾಕೆ ಚಿನ್ನ?" ಎನ್ನುತ್ತಿದ್ದರು.

ಭಾಗಮಂಡಲದ ಕಡೆ ಹೊಸಬರನ್ನು ಕಂಡರೆ ಹೆಸರಿಗಿಂತ ಮೊದಲು "ಯಾವ ಮನೆಯವರು?" ಎಂದು ವಿಚಾರಿಸುತ್ತಾರೆ. ಮನೆಹೆಸರು ತಿಳಿದರೆ ಸಾಕು, ನೆಂಟಸ್ತಿಕೆಯ ಎಳೆ ಸಿಕ್ಕಿಬಿಡುತ್ತದೆ. ಮಿಸ್ಸು ಇಂಗ್ಲಿಷ್ ಪದಗಳನ್ನೂ ಹಾಗೆಯೇ, ಯಾವ ಭಾಷೆಯ ಮನೆಯಿಂದ ಬಂದವು ಎಂದು ವಿಚಾರಿಸುತ್ತಿದ್ದರು. ನಾನೋ, ಹಾಸನದ ಕಡೆಯಿಂದ ಬಂದು ಹೊಲಿಗೆ ಅಂಗಡಿ ಇಟ್ಟವರ ಮಗಳು. ಹೇಳಿಕೊಳ್ಳಲು ಮನೆಹೆಸರಿಲ್ಲ. ಒಂದು ದಿನ ಕ್ಲಾಸಿನವರೆಲ್ಲ ಅದನ್ನೇ ಆಡಿಕೊಂಡು ನಕ್ಕಾಗ ನಾನು ಅತ್ತುಬಿಟ್ಟೆ. ಮಿಸ್ಸು ಯಾರನ್ನೂ ಬೈಯಲಿಲ್ಲ. ಬೋರ್ಡಿನ ಮೇಲೆ 'ಕೀಪ್' ಎಂದು ಬರೆದರು.

"ಇದಕ್ಕೂ ಮನೆ ಗೊತ್ತಿಲ್ಲ. ಎಲ್ಲಿಂದ ಬಂತು ಅಂತ ದೊಡ್ಡ ದೊಡ್ಡ ಪಂಡಿತರಿಗೂ ಪತ್ತೆಯಿಲ್ಲ. ಮೊದಲು ಕಣ್ಣಿಟ್ಟು ನೋಡೋದು, ಹುಡುಕೋದು ಅಂತ ಇತ್ತು. ಆಮೇಲೆ ಕಾಯೋದು, ಇಟ್ಕೊಳ್ಳೋದು, ಸಾಕೋದು ಎಲ್ಲ ಆಯ್ತು. ಕೋಳಿ ಸಾಕಿದ್ರೂ ಕೀಪ್, ಕೊಟ್ಟ ಮಾತು ಉಳಿಸ್ಕೊಂಡ್ರೂ ಕೀಪ್. ಇದಿಲ್ಲದೆ ಇಂಗ್ಲಿಷಿನವರಿಗೆ ಒಂದು ದಿನ ಕಳೆಯೋದಿಲ್ಲ, ತಿಳೀತಾ?"

ಅವತ್ತಿನಿಂದ ಇಂಗ್ಲಿಷ್ ನನ್ನದಾಯಿತು. ಇವತ್ತು ನಾನು ಅದನ್ನೇ ಪಾಠ ಹೇಳಿ ಅನ್ನ ಉಣ್ಣುತ್ತಿದ್ದೇನೆ.

ಹೋದ ವರ್ಷ ಮಿಸ್ಸಿಗೆ ಲಕ್ವ ಹೊಡೆಯಿತು. ಮಾತು ನಿಂತೇಹೋಯಿತು. ಎಷ್ಟೋ ದಿನಗಳ ಮೇಲೆ, ಅವರ ಮನೆಮಾತಾದ ಅರೆಭಾಷೆ ಚೂರುಚೂರಾಗಿ ಮರಳಿತು. ಇಂಗ್ಲಿಷ್ ಮಾತ್ರ ಬರಲೇ ಇಲ್ಲ. ದೇವರಿಗೆ ಕಿತ್ತುಕೊಳ್ಳಲು ಬೇರೇನೂ ಸಿಗಲಿಲ್ಲವೇ ಎಂದು ನನಗೆ ಇವತ್ತಿಗೂ ಸಿಟ್ಟಿದೆ. "ಗಂಜಿ ಕೇಳುವಷ್ಟು ಮಾತು ಬಂತಲ್ಲ, ಸಾಕು" ಎಂದರು ಅವರ ತಮ್ಮನ ಹೆಂಡತಿ. ಮಿಸ್ಸಿಗೆ ಸಾಕಾಗಲಿಲ್ಲ. ನನ್ನ ಬೆರಳು ಹಿಡಿದು ತಮ್ಮ ತುಟಿಯ ಮೇಲಿಟ್ಟುಕೊಂಡು, ಕಲಿಸು ಎಂಬಂತೆ ನೋಡಿದರು.

ಶಾಲೆ ಬಿಟ್ಟ ಮೇಲೆ ಹೋಗಿ ಅವರ ಮುಂದೆ ಕೂರುತ್ತಿದ್ದೆ. ನಾನು "ಕೀಪ್" ಎಂದರೆ ಅವರು ತುಟಿ ಕೂಡಿಸುತ್ತಿದ್ದರು. ಕತ್ತಿನ ನರ ಉಬ್ಬುತ್ತಿತ್ತು, ಉಸಿರಷ್ಟೇ ಹೊರಡುತ್ತಿತ್ತು. ಮಳೆಗಾಲ ಹೀಗೇ ಕಳೆಯಿತು. ಕೊನೆಗೊಂದು ಸಂಜೆ ನನ್ನ ಕೈ ಬಿಟ್ಟರು.

"ಇಲ್ಲೆ ಮಗ, ಅದೆಲ್ಲ ಹೋತ್."

ಇಲ್ಲವೆಂದು ತಲೆಯಾಡಿಸುತ್ತ ಗೋಡೆಯ ಕಡೆ ಹೊರಳಿ ಮಲಗಿದರು. ಮರುದಿನವೂ ಹೋದೆ. ಅವರು ನನ್ನ ಕಡೆ ತಿರುಗಲಿಲ್ಲ.

ದೀಪಾವಳಿಗೆ ಮುಂಚೆಯೇ ತೀರಿಹೋದರು. ಅಂಗಳದಲ್ಲಿ ಮಲಗಿಸಿ, ಮನೆಯವರು ಒಬ್ಬೊಬ್ಬರಾಗಿ ಬಾಯಿಗೆ ತುಳಸಿ ನೀರು ಬಿಡುತ್ತಿದ್ದರು. ನಾನು ಹೊರಗಿನವಳೆಂದು ಬೇಲಿಯ ಹತ್ತಿರ ನಿಂತಿದ್ದೆ. ತಮ್ಮನ ಹೆಂಡತಿ ಬಂದು ರಟ್ಟೆ ಹಿಡಿದು ಎಳೆದರು.

"ಬಾ, ನೀನೂ ಬಿಡು. ಆ ಬಾಯಿ ಜೊತೆ ಅಷ್ಟು ಗುದ್ದಾಡಿದ್ದು ನೀನೊಬ್ಬಳೇ."

ಬಾಗಿ ನೀರು ಬಿಟ್ಟೆ. ಅದು ತುಟಿಯಂಚಿನಿಂದ ಜಾರಿ ಕತ್ತಿಗೆ ಹರಿಯಿತು. ಸೆರಗಿನಿಂದ ಒರೆಸಿ ಇನ್ನೊಮ್ಮೆ ಬಿಟ್ಟೆ. ಆಗಲೂ ಒಳಗೆ ಹೋಗಲಿಲ್ಲ.