ತಡವಾಗಿ ತಾಯಿಯಾದ ಟೈಲರ್ ಧನಲಕ್ಷ್ಮಿ

ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ರವಿಕೆ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದ ಧನಲಕ್ಷ್ಮಿಗೆ ಮದುವೆಯಾಗಿ ಹದಿನಾರು ವರ್ಷ ಮಕ್ಕಳಾಗಿರಲಿಲ್ಲ. ಗಿರಾಕಿಗಳು ಅದರ ಸುದ್ದಿ ಎತ್ತಿದರೆ ಅವಳು ಗುಂಡುಪಿನ್ನುಗಳನ್ನು ತುಟಿಗೆ ಕಚ್ಚಿಕೊಂಡುಬಿಡುತ್ತಿದ್ದಳು. ಬಾಯಲ್ಲಿ ಪಿನ್ನಿಟ್ಟುಕೊಂಡವಳ ಹತ್ತಿರ ಉತ್ತರ ಕೇಳುವುದು ಹೇಗೆ?

ಗಂಡ ಚೆನ್ನಯ್ಯ ಸರ್ಕಾರಿ ಬಸ್ಸಿನ ಕಂಡಕ್ಟರು, ಶ್ರವಣಬೆಳಗೊಳದ ಕಡೆ ಹೋಗುವ ಬಸ್ಸಿನಲ್ಲಿದ್ದ. "ಆದ್ರೆ ಆಯ್ತವೆ, ಇಲ್ದಿದ್ರೆ ನಾವಿಬ್ರೇ ಇರಾನ ಬುಡಮ್ಮಿ" ಎನ್ನುವ ಸ್ವಭಾವದವನು. ೧೯೯೬ರಲ್ಲಿ, ಧನಲಕ್ಷ್ಮಿಗೆ ಮೂವತ್ತೆಂಟು ತುಂಬಿದ ಮೇಲೆ, ಮಗಳು ಹಂಸ ಹುಟ್ಟಿದಾಗ ಮಾತ್ರ ಅವನು ಬಸ್ಸು ಹತ್ತಿದವರಿಗೆಲ್ಲ ಟಿಕೆಟ್ಟಿನ ಜೊತೆ ಕಲ್ಲುಸಕ್ಕರೆ ಹಂಚಿದ. ಚೆಕಿಂಗಿಗೆ ಬಂದ ಅಧಿಕಾರಿಗೂ ಒಂದು ತುಂಡು ಸಿಕ್ಕಿತಂತೆ.

ಬಾಣಂತನಕ್ಕೆ ಹಿರೀಸಾವೆಯಿಂದ ಅಕ್ಕ ಸುಬ್ಬಮ್ಮ ಬಂದಳು. ಹದಿನೆಂಟಕ್ಕೇ ಚೊಚ್ಚಲು ಹೆತ್ತು, ಒಟ್ಟು ಆರು ಮಕ್ಕಳನ್ನು ಸಾಕಿದವಳು. ಮಗುವನ್ನು ಕಾಲಮೇಲೆ ಹಾಕಿಕೊಂಡು ನೀರು ಹೊಯ್ಯುತ್ತ, "ಇಷ್ಟು ತಡವಾಗಿ ಹೆತ್ರೂ ಆಲೇನು ಕಮ್ಮಿ ಇಲ್ಲ ಕಣೇ ನಿಂಗೆ" ಎಂದು ತಂಗಿಯನ್ನು ಮೆಚ್ಚಿಕೊಂಡಳು.

ಹಂಸ ಗೋಡೆ ಹಿಡಿದು ನಡೆಯಲು ಶುರುಮಾಡಿದ ಕಾಲಕ್ಕೆ ಧನಲಕ್ಷ್ಮಿಯ ಎಡಮೊಲೆಯಲ್ಲಿ ಗೋಲಿಯಷ್ಟು ಗಟ್ಟಿಯಾದದ್ದೊಂದು ಕೈಗೆ ಸಿಕ್ಕಿತು. ನೋವಿರಲಿಲ್ಲ. ಮಗುವನ್ನು ನೋಡಿಹೋಗಲು ಬಂದಿದ್ದ ಸುಬ್ಬಮ್ಮ ಹಾಲು ಕಟ್ಟಿಕೊಂಡಿದೆ ಎಂದು ಬಿಸಿನೀರಿನ ಶಾಖ ಕೊಡಿಸಿದಳು, ಹಾಲು ಇಂಗಲೆಂದು ಎದೆಗೆ ಮಲ್ಲಿಗೆ ಹೂ ಕಟ್ಟಿಸಿದಳು. ಗಂಟು ಕರಗಲಿಲ್ಲ. ಒಂದು ಮಧ್ಯಾಹ್ನ ಅಂಗಡಿಯ ಪರದೆಯೊಳಗೆ ತನಗೇ ಹೊಲಿದುಕೊಂಡ ರವಿಕೆ ಹಾಕಿ ನೋಡಲು ಹೋದಾಗ ಧನಲಕ್ಷ್ಮಿ ಕನ್ನಡಿಯಲ್ಲಿ ಕಂಡದ್ದು ಬೇರೆ. ದಾರ ಬಿಗಿಯಾದರೆ ಬಟ್ಟೆ ಒಳಕ್ಕೆ ಸೆಳೆದುಕೊಳ್ಳುತ್ತದಲ್ಲ, ಹಾಗೆ ಗಂಟಿನ ಮೇಲಿನ ಚರ್ಮ ಒಂದು ಕಡೆ ಕುಳಿಬಿದ್ದಿತ್ತು.

"ಇದು ಆಲಲ್ಲ ಕಣಕ್ಕ. ನಾಳೆ ಆಸನಕ್ಕೆ ಓಗಾನ" ಎಂದಳು.

ಹಾಸನದಲ್ಲಿ ಡಾಕ್ಟರ್ ಗೌತಮಿ ಮೆಲ್ಲಗೆ ಮಾತಾಡುವ ಹೆಂಗಸು. ಮುಟ್ಟಿ ನೋಡಿದರು, ಗಂಟಿಗೆ ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದ ದಿನ ಅದು ಕ್ಯಾನ್ಸರ್ ಎಂದು ಬಿಡಿಸಿ ಹೇಳಿ, ಧನಲಕ್ಷ್ಮಿ ಕಣ್ಣೊರೆಸಿಕೊಳ್ಳುವವರೆಗೆ ಕಾದರು. ಆಮೇಲೆ ಕೇಳಲು ಶುರುಮಾಡಿದರು. ದೊಡ್ಡವಳಾದದ್ದು ಯಾವ ವಯಸ್ಸಿಗೆ? ಮೊದಲ ಮಗು ಎಷ್ಟಕ್ಕೆ? ಎಷ್ಟು ಕಾಲ ಹಾಲು ಕುಡಿಸಿದಿರಿ? ಮನೆಯಲ್ಲಿ ಬೇರೆ ಯಾರಿಗಾದರೂ ಬಂದಿತ್ತೇ?

ಮೂವತ್ತೆಂಟು ಎನ್ನುವಾಗ ಧನಲಕ್ಷ್ಮಿಯ ದನಿ ಇಳಿಯಿತು. "ತಡವಾಗಿ ಹೆತ್ತಿದ್ಕೇ ಬಂತಾ ಮೇಡಂ? ನನ್ ಮಗಿಂದ ಬಂತಾ?"

"ಮಗುವಿನಿಂದ ಅಲ್ಲಮ್ಮಾ. ಚಿಕ್ಕ ವಯಸ್ಸಿಗೇ ಹೆತ್ತು, ಹೆಚ್ಚು ಮಕ್ಕಳಾಗಿ, ತುಂಬ ಕಾಲ ಹಾಲು ಕುಡಿಸಿದವರಲ್ಲಿ ಈ ಕಾಯಿಲೆ ಸ್ವಲ್ಪ ಕಮ್ಮಿ. ಮಕ್ಕಳೇ ಆಗದವರಲ್ಲಿ, ಮೂವತ್ತೈದು ದಾಟಿ ಮೊದಲ ಮಗು ಆದವರಲ್ಲಿ ಸ್ವಲ್ಪ ಜಾಸ್ತಿ. ಸ್ವಲ್ಪ ಅಷ್ಟೇ. ನಿಮ್ಮ ಹಾಗೆ ತಡವಾಗಿ ಹೆತ್ತವರಲ್ಲಿ ಹೆಚ್ಚಿನವರಿಗೆ ಇದು ಬರೋದೇ ಇಲ್ಲ. ನಿಮಗೆ ಯಾಕೆ ಬಂತು ಅಂತ ಯಾವ ಡಾಕ್ಟರೂ ಬೆರಳಿಟ್ಟು ತೋರಿಸೋಕಾಗಲ್ಲ."

ಪಕ್ಕದಲ್ಲಿ ಕೂತಿದ್ದ ಸುಬ್ಬಮ್ಮ ನೆಮ್ಮದಿಯ ಉಸಿರು ಬಿಟ್ಟಳು. "ಅಂಗಾರೆ ನಂಗೇನೂ ಬರಾಕಿಲ್ಲ. ಆರು ಹೆತ್ತಿವ್ನಿ, ಆರ್ಕೂ ಆಲು ಕುಡ್ಸಿವ್ನಿ."

"ಕಮ್ಮಿ ಅಂದೆ, ಬರೋದೇ ಇಲ್ಲ ಅನ್ನಲಿಲ್ಲವಲ್ಲ" ಎಂದು ಡಾಕ್ಟರು ನಕ್ಕರು. "ತಂಗಿಗೆ ಬಂದಿದೆ ಅಂದಮೇಲೆ ನಿಮ್ಮನ್ನೂ ನೋಡಬೇಕು. ಬನ್ನಿ ಒಳಗೆ."

"ಅಯ್ಯೋ ಸಿವನೇ, ನಾನು ಜೊತ್ಗೆ ಬಂದೋಳು ಕಣವ್ವಾ!" ಎಂದು ಸುಬ್ಬಮ್ಮ ಬಾಗಿಲಿನ ಕಡೆ ಹೊರಟಳು. ಕಣ್ಣು ಇನ್ನೂ ಆರಿರದ ಧನಲಕ್ಷ್ಮಿಗೆ ಅಲ್ಲಿ ನಗು ಬಂತು. ಅಕ್ಕನ ಸೆರಗು ಹಿಡಿದು ತಾನೇ ಒಳಗೆ ದಬ್ಬಿದಳು. ಸುಬ್ಬಮ್ಮನಿಗೆ ಏನೂ ಇರಲಿಲ್ಲ. ಹೊರಗೆ ಬಂದವಳು, "ನಾನು ಆಗ್ಲೇ ಯೋಳ್ಲಿಲ್ವಾ" ಎಂದು ಕಾಂಪೌಂಡರಿಗೂ ಕೇಳಿಸುವಂತೆ ಹೇಳಿದಳು.

ಆಪರೇಷನ್ನಿಗೆ ಮೊದಲು ಹಂಸಳಿಗೆ ಹಾಲು ಬಿಡಿಸಬೇಕಾಯಿತು. ಸುಬ್ಬಮ್ಮ ಮಗುವನ್ನು ಹಿರೀಸಾವೆಗೆ ಕರೆದೊಯ್ದಳು. ಅಮ್ಮನಿಲ್ಲದೆ ಮಗು ಅತ್ತೂ ಅತ್ತೂ ಸೊರಗುತ್ತದೆಂದು ಧನಲಕ್ಷ್ಮಿ ಹೆದರಿದ್ದಳು. ಅಲ್ಲಿ ಹಂಸ ದೊಡ್ಡಮ್ಮನ ಮಕ್ಕಳ ಹಿಂದೆ ಓಡಾಡಿಕೊಂಡು, ರಾಗಿ ಸರಿ ತಿಂದು, ಎಮ್ಮೆಕರುವಿನ ಕಿವಿ ಹಿಡಿದು ಆಡುತ್ತಿದ್ದಳು. ಅತ್ತದ್ದೆಲ್ಲ ಇತ್ತ ತಾಯಿಯೇ.

ಎಡಮೊಲೆ ತೆಗೆದರು. ಆಮೇಲೆ ಮೈಸೂರಿಗೆ ಹೋಗಿಬಂದು ಔಷಧಿ ಏರಿಸಿಕೊಳ್ಳುವುದು, ವಾಂತಿ, ಸುಸ್ತು. ಮೊಣಕಾಲುದ್ದದ ಜಡೆ ಉದುರಿದಾಗ ಚೆನ್ನಯ್ಯ ತಾನೂ ತಲೆ ಬೋಳಿಸಿಕೊಂಡು ಬಂದು ನಿಂತ. "ತಿರುಪತಿಗೆ ಓಗಿದ್ದೆ ಅಂತ ಡಿಪೋನಲ್ಲಿ ಯೋಳಿವ್ನಿ. ಎಲ್ರೂ ಲಾಡು ಕೇಳ್ತಾವ್ರೆ, ಏನ್ ಮಾಡಾನ?" ಎಂದ. ಧನಲಕ್ಷ್ಮಿ ಎದ್ದು ಕೂತು, ಕಡಲೆಹಿಟ್ಟು ತರಿಸಿ, ಲಾಡು ಕಟ್ಟಿಕೊಟ್ಟಳು. ಪಾಕ ಗಟ್ಟಿಯಾಗಿ ಲಾಡು ಕಲ್ಲಾಗಿದ್ದವು. ಡಿಪೋದವರು ಕಣ್ಣಿಗೊತ್ತಿಕೊಂಡು ತಿಂದರು.

ಎಡಗೈ ಮೇಲೆತ್ತಲು ಆಗುತ್ತಿರಲಿಲ್ಲ. ಬೆರಳುಗಳನ್ನು ಗೋಡೆಯ ಮೇಲೆ ಹತ್ತಿಸುತ್ತ ಹೋಗಬೇಕೆಂದು ಡಾಕ್ಟರು ಹೇಳಿಕೊಟ್ಟಿದ್ದರು. ಅಂಗಡಿಯ ಗೋಡೆಯಲ್ಲಿ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಗೆರೆ ಎಳೆದುಕೊಂಡು, ಗೆರೆ ಮೇಲೇರಿದಂತೆಲ್ಲ ಖುಷಿಪಟ್ಟಳು. ಕೆಲವು ತಿಂಗಳಲ್ಲಿ ಮಿಷನ್ನು ಮತ್ತೆ ತಿರುಗಿತು.

ಉಳಿದದ್ದು ರವಿಕೆಯ ಪ್ರಶ್ನೆ. ಊರಿಗೆಲ್ಲ ರವಿಕೆ ಹೊಲಿಯುವವಳ ರವಿಕೆಯೇ ಒಂದು ಕಡೆ ಜೋತುಬಿದ್ದರೆ ಹೇಗೆ? ಹತ್ತಿ ತುಂಬಿದಳು, ಹಗುರವಾಗಿ ಕುತ್ತಿಗೆಯವರೆಗೆ ಏರಿಬಂತು. ತೂಕ ಬರಲೆಂದು ಪುಟ್ಟ ಚೀಲಕ್ಕೆ ರಾಗಿ ತುಂಬಿ ಒಳಗೆ ಹೊಲಿದಳು. ಅದು ಸರಿಯಾಗಿ ಕೂತಿತು. ಒಮ್ಮೆ ಮರೆತು ಹಾಗೇ ಒಗೆದು ತೊಟ್ಟಿಯಲ್ಲಿ ಬಿಟ್ಟಳು. ಎರಡು ದಿನ ಬಿಟ್ಟು ನೋಡಿದರೆ ಬಟ್ಟೆಯ ಎಳೆಗಳ ನಡುವಿನಿಂದ ಬೆಳ್ಳಗೆ ಮೊಳಕೆ ಬಂದಿದ್ದವು.

"ಒಣಗ್ಸಿ ಬೀಸ್ಬುಡು, ಹಂಸಂಗೆ ಸರಿ ಮಾಡಾನ" ಎಂದ ಚೆನ್ನಯ್ಯ. ಅವಳು ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡಳು. ಕೊನೆಗೆ ಬಳೆ ಅಂಗಡಿಯ ಗಾಜಿನ ಮಣಿಗಳನ್ನು ಬೂರುಗದ ಹತ್ತಿಯಲ್ಲಿ ಸುತ್ತಿ, ಬೇಕೆಂದಾಗ ಹೊರಗೆ ತೆಗೆಯುವಂತೆ ಒಳಜೇಬು ಇಟ್ಟು ಹೊಲಿದಳು. ಯಾವ ಕಡೆಯಿಂದ ನೋಡಿದರೂ ವ್ಯತ್ಯಾಸ ಕಾಣುತ್ತಿರಲಿಲ್ಲ.

ಮುಂದಿನ ಸಲ ಅದನ್ನು ಕಂಡ ಡಾಕ್ಟರ್ ಗೌತಮಿ, "ಬೇರೆಯವರಿಗೂ ಹೊಲಿದುಕೊಡ್ತೀರಾ?" ಎಂದು ಕೇಳಿದರು. ಹಾಗೆ ಒಬ್ಬೊಬ್ಬರೇ ಹೆಂಗಸರು ಅಂಗಡಿ ಹುಡುಕಿಕೊಂಡು ಬರತೊಡಗಿದರು. ಬಂದವರು ಮೊದಲು ಪಿಸುಗುಟ್ಟುತ್ತಿದ್ದರು. ಪರದೆಯೊಳಗೆ ಧನಲಕ್ಷ್ಮಿ ತನ್ನ ಎದೆಯನ್ನೇ ತೋರಿಸಿದ ಮೇಲೆ ದನಿ ತಾನಾಗಿ ಏರುತ್ತಿತ್ತು.

೨೦೦೩ರ ಒಂದು ದಿನ ಅಂಗಡಿಯ ಬೆಂಚಿನ ಮೇಲೆ ಹೊಳೆನರಸೀಪುರದ ಮೇಷ್ಟ್ರಮ್ಮ ಕನಕಲಕ್ಷ್ಮಿಯೂ ಅರಕಲಗೂಡಿನ ಕಡೆಯ ನಿಂಗಾಜಮ್ಮನೂ ಒಟ್ಟಿಗೆ ಕೂತಿದ್ದರು. ಇಬ್ಬರೂ ಇದೇ ಕಾಯಿಲೆಯಿಂದ ಎದ್ದವರು.

"ಇಪ್ಪತ್ತಮೂರು ತುಂಬೋದ್ರೊಳಗೆ ನಂಗೆ ಎರಡು ಮಕ್ಕಳಾಗಿತ್ತು ಕಣ್ರೀ" ಎಂದರು ಕನಕಲಕ್ಷ್ಮಿ. "ಆದ್ರೂ ಬಂತು."

"ನಂದು ಕೇಳಿ. ಏಳು ಹೆತ್ತೆ, ಒಂದೊಂದ್ಕೂ ಎಲ್ಡೆಲ್ಡು ವರ್ಸ ಕುಡ್ಸಿವ್ನಿ" ಎಂದಳು ನಿಂಗಾಜಮ್ಮ. "ನಮ್ಮತ್ತೆ ಅಂತೂ, ಕುಡ್ದೂ ಕುಡ್ದೂ ಮಕ್ಳೇ ಕೆಡ್ಸಿದ್ದು ಅಂತಾವ್ಳೆ!"

"ನಾನು ತಡ ಮಾಡಿದ್ಕೆ ಬಂತು ಅಂತ ನಮ್ ಬೀದಿಯೋರು ಅಂತಾರೆ" ಎಂದಳು ಧನಲಕ್ಷ್ಮಿ. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕ ನಗುವಿಗೆ ಎದುರಿನ ಸೈಕಲ್ ಶಾಪಿನವನು ಎದ್ದು ಬಂದು ಇಣುಕಿದ.

೨೦೦೮ರ ಹೊತ್ತಿಗೆ ವರ್ಷಕ್ಕೊಮ್ಮೆ ತೋರಿಸಿಕೊಂಡರೆ ಸಾಕು ಎನ್ನುವ ಹಾಗಾಗಿತ್ತು. ಹಂಸ ತಾಯಿಯ ಭುಜದೆತ್ತರಕ್ಕೆ ಬೆಳೆದಿದ್ದಳು. ಆ ಬೇಸಿಗೆಯಲ್ಲಿ ಸುಬ್ಬಮ್ಮನ ಕಿರಿಯ ಮಗಳು ಮಂಜುಳಾಗೆ ಮದುವೆ ಗೊತ್ತಾಯಿತು. ಹಾಸನದಲ್ಲಿ ತೋರಿಸಿಕೊಂಡು, ಹಿಂದಿರುಗುವಾಗ ಧನಲಕ್ಷ್ಮಿ ಊರಲ್ಲಿ ಇಳಿಯದೆ ನೇರವಾಗಿ ಹಿರೀಸಾವೆಗೆ ಹೋದಳು. ಮದುವಣಗಿತ್ತಿಯ ರವಿಕೆಗೆ ಅಳತೆ ತೆಗೆಯಬೇಕಿತ್ತು.

ಟೇಪು ಹಿಡಿದು ನಿಂತಾಗ ಮಂಜುಳಾ ತಗ್ಗಿದ ದನಿಯಲ್ಲಿ ಕೇಳಿದಳು: "ಚಿಕ್ಕಮ್ಮ, ಬೇಗ ಮಕ್ಳು ಮಾಡ್ಕೊ, ಆ ಕಾಯ್ಲೆ ಬರಾಕಿಲ್ಲ ಅಂತಾಳೆ ಅವ್ವ. ನಂಗೆ ಇನ್ನೂ ಬಿ.ಎಡ್. ಮುಗ್ಸೋದೈತೆ."

"ನಿಮ್ಮವ್ವನ್ನ ಆಸ್ಪತ್ರೆ ಒಳಿಕ್ಕೆ ದಬ್ದೋಳೇ ನಾನು. ಅವಳ್ ಮಾತು ಬುಡು" ಎಂದಳು ಧನಲಕ್ಷ್ಮಿ. "ಕಾಯ್ಲೆಗೆ ಹೆದ್ರಿ ಯಾರಾರಾ ಹೆರ್ತಾರಾ? ಓದು ಮುಗ್ಸು, ಮಗು ಬೇಕು ಅನ್ನುಸ್ದಾಗ ಮಾಡ್ಕೊ. ಮೈ ಮ್ಯಾಗೆ ಗ್ಯಾನ ಮಾತ್ರ ಇರ್ಲಿ. ಗಂಟು ಪಂಟು ಕಂಡ್ರೆ ಮಲ್ಲಿಗೆ ಹೂ ಕಟ್ಕೊಂಡು ಕೂರ್ಬ್ಯಾಡ, ಡಾಕ್ಟ್ರ ತಾವ್ಕೆ ಓಗು."

ಅಡುಗೆಮನೆಯಿಂದ ಸುಬ್ಬಮ್ಮ ಕೂಗಿದಳು: "ಏನೇ ಅದು, ನನ್ ಮಾತಾ?"

"ನಿನ್ ಮಗಳ ತೋಳಿನ ಅಳ್ತೆ ಕಣಕ್ಕ" ಎಂದು ಧನಲಕ್ಷ್ಮಿ ಕೂಗಿ ಹೇಳಿ, ಮಂಜುಳಾಳ ಕೈ ಮೇಲಕ್ಕೆತ್ತಿಸಿ ಟೇಪು ಸುತ್ತಿದಳು.