ಸತ್ತ ಬ್ಯಾಟರಿಯ ನಡೆನುಡಿ

ವಾಕಿಟಾಕಿ ಎಂಬ ಶಬ್ದಕ್ಕೆ ಕನ್ನಡದಲ್ಲೊಂದು ಒಳ್ಳೆಯ ಹೆಸರಿಲ್ಲವಲ್ಲ ಎಂಬ ಚಿಂತೆ ನನ್ನನ್ನು ಹಿಡಿದದ್ದು, ಅಂಥದೊಂದು ಹಳೆಯ ಜೋಡಿಯನ್ನು ಹೊಸಪೇಟೆಯ ಗುಜರಿ ಅಂಗಡಿಯಲ್ಲಿ ಕೊಂಡು ಚೀಲದಲ್ಲಿಟ್ಟುಕೊಂಡು ಮನೆಗೆ ಬರುತ್ತಿದ್ದ ದಾರಿಯಲ್ಲಿ. ನಡೆಯುತ್ತ ನುಡಿಯುವ ಯಂತ್ರ ತಾನೆ, ‘ನಡೆನುಡಿ’ ಎಂದರಾಯಿತು ಎಂದುಕೊಂಡು ನನ್ನ ಪಾಂಡಿತ್ಯಕ್ಕೆ ನಾನೇ ತಲೆದೂಗಿದೆ. ನಡೆಯೂ ನುಡಿಯೂ ಒಂದಾಗಿರಬೇಕೆಂದು ಕಾಲೇಜಿನ ಮಕ್ಕಳಿಗೆ ವರ್ಷಗಟ್ಟಲೆ ಬೋಧಿಸಿ, ಸ್ವತಃ ಆ ತಾಪತ್ರಯಕ್ಕೆ ಹೋಗದವನಿಗೆ ಅವೆರಡೂ ಒಂದೇ ಕರಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಕ್ಕಿದ್ದು ಸಣ್ಣ ಮಾತಲ್ಲ. ಆದರೆ ಸದ್ಯಕ್ಕೆ ಆ ಡಬ್ಬಿಗಳಲ್ಲಿ ಜೀವವೇ ಇರಲಿಲ್ಲ. “ಸೆಟ್ ಮಸ್ತ್ ಅದಾವ್ರಿ ಸರ, ಬ್ಯಾಟ್ರಿ ಅಷ್ಟ ಸತ್ತಾವ” ಎಂದು ಗುಜರಿಯವನು ಮೊದಲೇ ಹೇಳಿದ್ದ. ಯಾವುದೋ ಅದಿರಿನ ಗುತ್ತಿಗೆದಾರ ಹೊಸ ಸೆಟ್ಟು ತಂದ ಮೇಲೆ ಎಸೆದು ಹೋದ ಮಾಲು ಅದು.

ಅದು ಕೆಮ್ಮಣ್ಣಿಗೆ ಬಂಗಾರದ ಬೆಲೆ ಬಂದ ಕಾಲ. ಸಂಡೂರಿನ ಗುಡ್ಡಗಳು ಲಾರಿಯೇರಿ ಬಂದರಿನ ಕಡೆಗೆ ಹೊರಟಿದ್ದವು, ಮತ್ತು ಹೊರಟ ಗುಡ್ಡಗಳೆಲ್ಲ ನಮ್ಮ ಮನೆಯ ಮುಂದಿನಿಂದಲೇ ಹಾಯಬೇಕೆಂದು ಯಾರೋ ಆಣೆ ಹಾಕಿದಂತಿತ್ತು. ಊರಿನಲ್ಲಿ ಯಾರೂ ಕೂತಲ್ಲಿ ಕೂಡುತ್ತಿರಲಿಲ್ಲ. ಪಾಪಿನಾಯಕನಹಳ್ಳಿಯ ಕಡೆ ಜೋಳ ಬಿತ್ತುತ್ತಿದ್ದವರು ಹೊಲವನ್ನು ಅದಿರು ಒಟ್ಟಲು ಕೊಟ್ಟು ತಾವು ಜೀಪು ಹತ್ತಿದ್ದರು. ಛಂದಸ್ಸು ಕಲಿಯಬೇಕಾದ ನನ್ನ ವಿದ್ಯಾರ್ಥಿಗಳು ಲಾರಿಯ ನಂಬರುಗಳನ್ನು ಕಂಠಪಾಠ ಮಾಡುತ್ತಿದ್ದರು. ನಮ್ಮ ಅಡುಗೆಮನೆಯ ತಂಬಿಗೆಗಳು ಕೂಡ ನಡುಗುತ್ತ ನಡುಗುತ್ತ ಹಲಗೆಯ ಅಂಚಿಗೆ ಬಂದು ಬೀಳುತ್ತಿದ್ದವು. ಕಾಲಿಗೆ ಚಕ್ರ ಕಟ್ಟಿಕೊಂಡವರೆಂದು ಹೆಂಡತಿಯಿಂದ ಮೊದಲೇ ಬಿರುದು ಪಡೆದ ನಾನು, ಓದುತ್ತಿದ್ದ ಪುಟ ಮುಗಿಯುವ ಮೊದಲೇ ಎದ್ದು ಕಿಟಕಿ ಮುಚ್ಚುತ್ತಿದ್ದೆ, ಸೆಕೆ ತಾಳದೆ ತೆರೆಯುತ್ತಿದ್ದೆ, ಧೂಳು ನುಗ್ಗಿತೆಂದು ಮತ್ತೆ ಮುಚ್ಚುತ್ತಿದ್ದೆ. ನೆಮ್ಮದಿ ಹುಡುಕಿಕೊಂಡು ಹಂಪಿಗೆ ಹೋದರೆ, ಅಲ್ಲಿಯ ಕಲ್ಲುಮಂಟಪದಲ್ಲಿ ಕೂತು, ಮನೆಯ ಕಿಟಕಿ ಮುಚ್ಚಿ ಬಂದೆನೋ ಇಲ್ಲವೋ ಎಂದು ಚಡಪಡಿಸಿ ಮುಂದಿನ ಬಸ್ಸಿಗೇ ವಾಪಸು ಬರುತ್ತಿದ್ದೆ.

ನಮ್ಮ ಮನೆ ಲಾರಿಗಳು ಹಾಯುವ ಆ ರಸ್ತೆಯ ಈಚೆಗೆ, ನನ್ನ ಅಕ್ಕ ಗೌರಮ್ಮನ ಮನೆ ಸರಿಯಾಗಿ ಎದುರಿಗೆ, ಆಚೆಗೆ. ಅತ್ತಿಗೆ ನಾದಿನಿಯರೆಂದರೆ ಜಗಳವಾಡಬೇಕೆಂಬ ಲೋಕರೂಢಿಯನ್ನು ಅಕ್ಕನೂ ನನ್ನ ಹೆಂಡತಿ ಗಿರಿಜೆಯೂ ಮದುವೆಯಾದಂದಿನಿಂದ ಕಡೆಗಣಿಸಿ ಬಂದಿದ್ದರು. ದಿನಾ ಸಂಜೆ ತಮ್ಮ ತಮ್ಮ ಮನೆಯ ಕಟ್ಟೆಯ ಮೇಲೆ ಕೂತು ರಸ್ತೆಯ ನೆತ್ತಿಯ ಮೇಲಿಂದಲೇ ಅವರ ಮಾತು. ಇಬ್ಬರೂ ಏಕಕಾಲಕ್ಕೆ ಮಾತಾಡುತ್ತಿದ್ದರು, ಏಕಕಾಲಕ್ಕೆ ಕೇಳಿಸಿಕೊಳ್ಳುತ್ತಿದ್ದರು, ಯಾವುದೂ ತಪ್ಪಿಹೋಗುತ್ತಿರಲಿಲ್ಲ; ಅದು ಎಂಥ ವಿದ್ಯೆಯೋ ನನಗೆ ಇಂದಿಗೂ ತಿಳಿಯದು. ಲಾರಿಗಳು ಹೆಚ್ಚಿದಂತೆ ದನಿಗಳು ಏರಿದವು, ಏರಿದ ದನಿಗಳಿಗೆ ಕೆಮ್ಮು ಬಂತು. ಮಂಡಿನೋವಿನ ಅಕ್ಕ ರಸ್ತೆ ದಾಟುವುದನ್ನು ಬಿಟ್ಟೇಬಿಟ್ಟಳು.

ಶ್ರಾವಣದ ಒಂದು ಸೋಮವಾರ ಅಕ್ಕ ಕಟ್ಟೆಯ ಮೇಲೆ ನಿಂತು ಏನೋ ಕೂಗಿದಳು. ಲಾರಿಗಳ ಸದ್ದಿನಲ್ಲಿ ಗಿರಿಜೆಗೆ ಕೇಳಲಿಲ್ಲ. ಕೇಳುತ್ತಿಲ್ಲವೆಂದು ತಿಳಿಸಲು ಅಂಗೈಯನ್ನು ಅಡ್ಡಡ್ಡ ಬೀಸಿದಳು. ಇಲ್ಲಿ ನಿಮಗೆ ಕಂಪ್ಲಿಯಲ್ಲಿದ್ದ ನಮ್ಮಪ್ಪನ ಅಕ್ಕಿ ಗಿರಣಿಯ ಸಂಗತಿ ಹೇಳಬೇಕು. ಆ ಗಿರಣಿಯ ಬೆಲ್ಟುಗಳ ಆರ್ಭಟದಲ್ಲಿ ಬಾಯಿಗೆ ಕೆಲಸವೇ ಇರಲಿಲ್ಲ, ಎಲ್ಲವೂ ಕೈಸನ್ನೆ. ಮುಷ್ಟಿ ಎತ್ತಿದರೆ ಭತ್ತ ಸುರಿ, ಬೆರಳಾಡಿಸಿದರೆ ತೌಡು ನೋಡು, ಅಂಗೈ ಅಡ್ಡ ಬೀಸಿದರೆ ‘ಸಾಕು, ನಿಲ್ಲಿಸು’. ಗಿರಣಿಯ ಅಂಗಳದಲ್ಲೇ ಬೆಳೆದ ಅಕ್ಕನಿಗೆ ಅದು ಮಾತೃಭಾಷೆಗೆ ಸಮಾನ. ಊಟಕ್ಕೆ ಬಾ ಎಂದು ಕರೆದವಳಿಗೆ ‘ಸಾಕು, ನಿಲ್ಲಿಸು’ ಎಂಬ ಉತ್ತರ ಬಂದಿತ್ತು. ಅವಳು ಮಾಡಿದ ಹೋಳಿಗೆಯನ್ನು ಓಣಿಯವರಿಗೆಲ್ಲ ಬಡಿಸಿದಳು. ಓಣಿಯವರನ್ನೆಲ್ಲ ಕರೆದವರು ತನ್ನನ್ನು ಕರೆಯಲಿಲ್ಲವೆಂದು ಗಿರಿಜೆ ಕುದ್ದುಹೋದಳು. ಮರುದಿನ ಎರಡೂ ಮನೆಗಳ ಬಾಗಿಲು ಹಾಕಿದ್ದವು. ಧೂಳಿಗೆ ಹಾಕಿದ ಬಾಗಿಲಿಗೂ ಸಿಟ್ಟಿಗೆ ಹಾಕಿದ ಬಾಗಿಲಿಗೂ ರಸ್ತೆಯಾಚೆಯಿಂದ ನೋಡುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಎರಡೂ ಕಡೆಯ ಕಥೆ ಕೇಳಿ ಗಂಟು ಎಲ್ಲಿದೆಯೆಂದು ಪತ್ತೆಹಚ್ಚಿದ ನಾನು ಅದನ್ನು ಬಿಡಿಸಿ ಹೇಳಲು ಹೋದೆ. “ಹೆಂಡ್ತಿ ಪರವಾಗಿ ವಕೀಲಕಿ ಮಾಡಬ್ಯಾಡಪ” ಎಂದಳು ಅಕ್ಕ. “ನಿಮ್ಮ ಅಕ್ಕಾರು ಹೇಳಿ ಕಳಿಸಿದ್ರೇನು?” ಎಂದಳು ಗಿರಿಜೆ. ಫೋನು ಮಾಡಿರೆಂದರೆ, ರಸ್ತೆ ಅಗಲಿಸಲು ಅಗೆದವರು ತಂತಿ ಕಡಿದು ಹೋಗಿದ್ದರು. ಮೊಬೈಲು ಕೊಡಲು ಹೋದರೆ ಅದಕ್ಕಿಂತ ದೊಡ್ಡ ತೊಡಕು: ಫೋನೆಂದರೆ ಒಬ್ಬರು ಮಾಡಬೇಕು, ಇನ್ನೊಬ್ಬರು ಎತ್ತಬೇಕು, ಮಾಡಿದವರು ಬಾಗಿದಂತೆ, ಎತ್ತಿದವರು ಗೆದ್ದಂತೆ. ಬಾಗುವವರು ಯಾರು? ಹೀಗೆ ಶ್ರಾವಣ ಕಳೆದು ದಸರೆಯೂ ಕಳೆಯಿತು. ಸಂಜೆಯಾದರೆ ಗಿರಿಜೆ ರಸ್ತೆಗೆ ಬೆನ್ನು ಮಾಡಿ ಕೂತು ಹಸನು ಮಾಡಿದ ಅಕ್ಕಿಯನ್ನೇ ಮತ್ತೆ ಹಸನು ಮಾಡುತ್ತಿದ್ದಳು. ಆ ಎರಡು ದನಿಗಳಿಲ್ಲದ ಸಂಜೆಯನ್ನು ಕಳೆಯುವುದು ನನ್ನಿಂದ ಆಗಲಿಲ್ಲ. ಲಾರಿಗಳ ಗದ್ದಲಕ್ಕಿಂತ ನಮ್ಮ ಮನೆಯ ಮೌನಕ್ಕೇ ನಾನು ಹೆಚ್ಚು ಹೆದರಿದ್ದೆ.

ಗುಜರಿ ಅಂಗಡಿಯಲ್ಲಿ ವಾಕಿಟಾಕಿ ಕಂಡಾಗ ನನ್ನ ಕಣ್ಣರಳಿದ್ದು ಅದಕ್ಕೇ. ಆ ಯಂತ್ರಕ್ಕೆ ಗಂಟೆಯಿಲ್ಲ, ಕರೆಯಿಲ್ಲ, ಯಾರು ಯಾರನ್ನು ಕರೆದರೆಂಬ ಸಾಕ್ಷಿಯಿಲ್ಲ. ಪರವಾನಗಿಯಿಲ್ಲದೆ ಇಟ್ಟುಕೊಳ್ಳಬಾರದೆಂದು ಆಮೇಲೆ ತಿಳಿಯಿತು. ಪರವಾನಗಿಯಿಲ್ಲದೆ ಗುಡ್ಡಗಳೇ ನಡೆದು ಹೋಗುತ್ತಿದ್ದ ಕಾಲದಲ್ಲಿ ನನ್ನ ಡಬ್ಬಿಗಳ ಮಾತು ಯಾರ ಲೆಕ್ಕಕ್ಕೂ ಬರಲಿಲ್ಲ. ಬ್ಯಾಟರಿಯ ಹೊದಿಕೆಯನ್ನು ಈಳಿಗೆಮಣೆಯ ಮೇಲೆ ಸೀಳಿದೆ, ಗಿರಿಜೆಯಿಂದ ಬೈಸಿಕೊಂಡೆ. ಒಳಗೆ ಸಾಲಾಗಿ ಕೂತ ಪುಟ್ಟ ಸೆಲ್ಲುಗಳಲ್ಲಿ ಕೆಲವು ಉಬ್ಬಿ ಬಿಳಿ ಬೂಷ್ಟು ಕಾರಿದ್ದವು, ಕೆಲವಕ್ಕೆ ಇನ್ನೂ ಗುಟುಕು ಜೀವವಿತ್ತು. ತುಕ್ಕು ಹಿಡಿದ ತುದಿಗಳನ್ನು ನಿಂಬೆಹುಳಿ ಹಚ್ಚಿ ಉಜ್ಜಿದೆ, ರಬ್ಬರಿನಿಂದ ತಿಕ್ಕಿದೆ. ರೇಡಿಯೊ ಅಂಗಡಿಯಿಂದ ತಂದ ಹೊಸ ಸೆಲ್ಲುಗಳನ್ನು ಒಂದು ಸೆಟ್ಟಿಗೆ ಬೆಸೆದೆ. ಎರಡೂ ಹಳೆಯ ಬ್ಯಾಟರಿಗಳಲ್ಲಿ ಬದುಕುಳಿದವುಗಳನ್ನು ಒಟ್ಟುಮಾಡಿ ಇನ್ನೊಂದಕ್ಕೆ ಕೂಡಿಸಿದೆ. ಬೆಸುಗೆಯ ಕಾವಿಗೆ ಮೇಜುಬಟ್ಟೆಯೂ ನನ್ನ ಹೆಬ್ಬೆರಳೂ ಸುಟ್ಟವು. ಕೊನೆಗೊಂದು ಮಧ್ಯಾಹ್ನ ಎರಡೂ ಸೆಟ್ಟುಗಳ ಕೆಂಪು ದೀಪ ಹೊತ್ತಿ, ಒಳಗಿನಿಂದ ಎಣ್ಣೆಯಲ್ಲಿ ಸಾಸಿವೆ ಸಿಡಿದ ಸದ್ದು ಬಂದಾಗ ನಾನು ಪಟ್ಟ ಹಿಗ್ಗು ಹೇಳತೀರದು.

ಹಳೆಯ ಸೆಲ್ಲಿನ ಸೆಟ್ಟನ್ನು ಅಕ್ಕನ ಕೈಗಿಟ್ಟು, “ಟೆಸ್ಟಿಂಗ್ ಐತಿ, ಸುಮ್ನ ಹಿಡ್ಕೊಂಡು ಕುಂದ್ರು, ಮಾತಾಡುಮುಂದ ಗುಂಡಿ ಒತ್ತು, ಮಾತು ಮುಗಿದ ಮ್ಯಾಲೆ ಓವರ್ ಅನ್ನು” ಎಂದೆ. ತಮ್ಮನ ಹುಚ್ಚಾಟಕ್ಕೆ ಸೋತು ಅವಳು ಒಪ್ಪಿದಳು. ಈಚೆಗೆ ಬಂದು ಗಿರಿಜೆಗೂ ಅದನ್ನೇ ಹೇಳಿದೆ. “ಓವರ್ ಅಂದ್ರ? ನಾ ಓವರ್ ಮಾಡಾಕತ್ತೀನಿ ಅಂತೇನ್ರಿ?” ಎಂದು ಅವಳು ಕೆರಳಿದಳು. ಅತಿ ಮಾಡಿದರೆ ಓವರ್, ಲಾರಿಗೆ ಹೆಚ್ಚು ತುಂಬಿದರೆ ಓವರ್, ಕಥೆ ಮುಗಿದರೂ ಓವರ್. ‘ಇನ್ನು ನೀನು ಹೇಳು, ನಾನು ಕೇಳುತ್ತೇನೆ’ ಎಂಬ ಅರ್ಥವೊಂದನ್ನು ಬಿಟ್ಟು ಉಳಿದೆಲ್ಲ ಅರ್ಥಗಳೂ ಆ ಪದಕ್ಕೆ ನಮ್ಮೂರಿನಲ್ಲಿದ್ದವು.

ನಾನು ಲೆಕ್ಕ ಹಾಕದ ಸಂಗತಿಯೊಂದಿತ್ತು. ಈ ಯಂತ್ರದಲ್ಲಿ ಇಬ್ಬರೂ ಒಟ್ಟಿಗೆ ಗುಂಡಿ ಒತ್ತಿದರೆ ಯಾರಿಗೂ ಏನೂ ಕೇಳುವುದಿಲ್ಲ, ಮತ್ತು ಒಬ್ಬರಾದ ಮೇಲೆ ಒಬ್ಬರು ಮಾತಾಡುವುದನ್ನು ಆ ಇಬ್ಬರೂ ಜನ್ಮದಲ್ಲಿ ಮಾಡಿರಲಿಲ್ಲ. ಆಚೆ ಕಟ್ಟೆಯಲ್ಲಿ ಅಕ್ಕನ ತುಟಿ ಆಡುತ್ತಿತ್ತು, ಈಚೆ ಗಿರಿಜೆಯದು; ನಡುವೆ ಬರೀ ಗರಗರ. ಉಸಿರು ತೆಗೆದುಕೊಳ್ಳಲು ಇಬ್ಬರೂ ಬೆರಳು ಸಡಿಲಿಸಿದ ಒಂದು ಗಳಿಗೆಯಲ್ಲಿ, ಅದೇ ರೇಡಿಯೊ ಅಲೆಯ ಮೇಲೆ ಲಾರಿ ತುಂಬಿಸುತ್ತಿದ್ದ ಯಾವನೋ ಅಪರಿಚಿತ ಬೇಸತ್ತು ಬಾಯಿ ಹಾಕಿದ: “ಯವ್ವಾ, ಯಾರರ ಇರ್ರಿ, ಒಬ್ಬರಾದ ಮ್ಯಾಲೆ ಒಬ್ಬರು ಮಾತಾಡ್ರಿ. ಇಲ್ಲಿ ಲೋಡ್ ನಿಂತೈತಿ.” ಅವನು ಯಾವ ಗುಡ್ಡದವನೋ, ತಣ್ಣಗಿರಲಿ. ಇಬ್ಬರೂ ಬೆಚ್ಚಿ ಗುಂಡಿಯಿಂದ ಬೆರಳನ್ನು ದೂರ ಸರಿಸಿದರು.

ಮೊದಲು ಬಂದದ್ದು ಅಕ್ಕನ ದನಿ. “ಗಿರಿಜಾ, ನಾ ಊಟಕ್ಕ ಬಾ ಅಂದ್ರ ನೀ ಸಾಕು ನಿಲ್ಸು ಅಂದೆಲ್ಲ? ಓವರ್.”

ಗಿರಿಜೆ ನನ್ನ ಮುಖ ನೋಡಿದಳು; ನಾನು ಹೇಳಿದಾಗ ನಂಬದಿದ್ದದ್ದನ್ನು ಯಂತ್ರ ಹೇಳಿದಾಗ ನಂಬಿದಳು. ಗುಂಡಿ ಒತ್ತಿ, “ಕೇಳಸವಲ್ದು ಅಂತ ಕೈ ಮಾಡಿದ್ನಿರಿ ಅಕ್ಕಾರ” ಎಂದು ಶುರುಮಾಡಿದವಳು ನಿಲ್ಲಿಸಲೇ ಇಲ್ಲ. ಬಾಗಿಲು ಹಾಕಿದ್ದು ಧೂಳಿಗೆಂದು, ಸಂಜೆ ಆದರೆ ಹೊತ್ತೇ ಹೋಗುವುದಿಲ್ಲವೆಂದು, ಈ ಮನೆಯಲ್ಲಿ ಮಾತಾಡಿದರೆ ಇವರು ವ್ಯಾಕರಣ ನೋಡುತ್ತಾರೆ, ಕೇಳುವವರು ನೀವೊಬ್ಬರೇ ಇದ್ದಿರೆಂದು, ಅಳುತ್ತ, ಸೆರಗಿನಿಂದ ಮೂಗೊರೆಸಿಕೊಳ್ಳುತ್ತ, ಹೆಬ್ಬೆರಳು ತೆಗೆಯದೆ ಹೇಳಿದಳು. ಎಲ್ಲ ಮುಗಿದು ಗುಂಡಿ ಬಿಟ್ಟಾಗ ಆ ಕಡೆಯಿಂದ ಏನೂ ಬರಲಿಲ್ಲ. ಕಾದಳು. ಸಾಲಾಗಿ ನುಗ್ಗುವ ಲಾರಿಗಳಾಚೆ ಅಕ್ಕನ ಕಟ್ಟೆ ಖಾಲಿಯಾಗಿತ್ತು. “ಎದ್ದು ಹೋದ್ರು ನೋಡ್ರಿ” ಎಂದಳು ಗಿರಿಜೆ, ತೀರ ಸಣ್ಣ ದನಿಯಲ್ಲಿ. ಹಳೆಯ ಸೆಲ್ಲುಗಳು ಕೈಕೊಟ್ಟಿವೆ ಎಂದು ನನಗೆ ಹೊಳೆಯಿತು. ಹೇಳಿದೆ. ಮತ್ತೆ ವಕೀಲಕಿ ಎಂಬಂತೆ ಅವಳು ನನ್ನನ್ನು ನೋಡಿದಳು.

ಅಷ್ಟರಲ್ಲಿ ರಸ್ತೆಯಲ್ಲಿ ಬ್ರೇಕುಗಳು ಕಿರುಚಿದವು. ಅಕ್ಕ ರಸ್ತೆಗೆ ಇಳಿದಿದ್ದಳು, ಕೈಯಲ್ಲಿ ಸತ್ತ ವಾಕಿಟಾಕಿಯನ್ನು ಮೇಲೆತ್ತಿ ಹಿಡಿದಿದ್ದಳು. ಅದನ್ನು ಕಂಡದ್ದೇ ಮುಂದಿನ ಲಾರಿಯವನು, ಚೆಕಿಂಗ್‌ಗೆ ಬಂದ ಯಾರೋ ಅಧಿಕಾರಿಣಿಯೆಂದು ತಿಳಿದು, ಗಾಡಿ ನಿಲ್ಲಿಸಿ ಎಂಜಿನ್ ಆರಿಸಿದ. ಅವನ ಹಿಂದಿನವನೂ ಆರಿಸಿದ, ಎದುರಿನಿಂದ ಬರುತ್ತಿದ್ದವರೂ ಆರಿಸಿದರು. “ಪರ್ಮಿಟ್ ಐತ್ರಿ ಮೇಡಮ್ಮಾರ, ಓವರ್‌ಲೋಡ್ ಇಲ್ರಿ” ಎಂದು ಕೆಳಗಿಳಿದು ಕೈಮುಗಿದವನ ಕಡೆಗೆ ಅಕ್ಕ ತಿರುಗಿಯೂ ನೋಡಲಿಲ್ಲ. ಒಂದು ಕೈಯಿಂದ ಮಂಡಿ ಹಿಡಿದುಕೊಂಡು, ಕುಂಟುತ್ತ, ನಡುರಸ್ತೆಯವರೆಗೆ ಬಂದು ಉಸಿರು ತೆಗೆದುಕೊಳ್ಳಲು ನಿಂತಳು. ಎಷ್ಟೋ ಕಾಲದ ಮೇಲೆ ಆ ರಸ್ತೆಯಲ್ಲಿ ಬೇವಿನ ಮರದ ಗುಬ್ಬಿಗಳ ಸದ್ದು ಕೇಳಿಸಿತು.

“ನಡುವ ನಿಂತಬಿಡ್ತು ಇದು” ಎಂದಳು ಅಕ್ಕ, ದನಿ ಏರಿಸದೆ. “ಮುಂದ ಏನಂದಿ, ಹೇಳು.”

ಗಿರಿಜೆ ಕಣ್ಣೊರೆಸಿಕೊಂಡಳು. ತನ್ನ ಸೆಟ್ಟಿನ ಗುಂಡಿಯನ್ನು ಒತ್ತಿ ಹಿಡಿದೇ ಹೇಳಿದಳು:

“ಏನಿಲ್ರಿ ಅಕ್ಕಾರ. ಊಟ ಆತೇನ್ರಿ ಅಂದೆ.”

“ಇಲ್ಲ” ಎಂದಳು ಅಕ್ಕ. “ಎಲಿ ಹಾಕು ನಡಿ, ಬಂದೆ.”