ಕೂರುವುದು ಸರಿ, ಏಳುವುದು?

ಈಗೀಗ ಯಾರ ಮನೆಗೆ ಹೋದರೂ ನಾನು ಹೊಸಿಲು ದಾಟುವಷ್ಟರಲ್ಲಿ ಯಾರಾದರೊಬ್ಬರು ಪ್ಲಾಸ್ಟಿಕ್ ಕುರ್ಚಿ ಎತ್ತಿಕೊಂಡು ಓಡಿಬರುತ್ತಾರೆ. ಸೆರಗಿನಿಂದ ಒಮ್ಮೆ ಒರೆಸಿ, "ಕುಂತ್ಕಳಿ ಮೇಡಂ" ಎನ್ನುತ್ತಾರೆ. ಮಧುಗಿರಿಯ ಪ್ರೈಮರಿ ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ "ಕೂತ್ಕೊಳ್ರೋ" ಎಂದು ಗದರಿದ ಪಾಪಕ್ಕೆ, ಈಗ ಊರಿಗೆ ಊರೇ ಸೇರಿ ನನ್ನನ್ನು ಕೂರಿಸುತ್ತಿದೆ.

ಕುರ್ಚಿಯ ಮೇಲೆ ನನಗೆ ಹಗೆಯಿಲ್ಲ. ಆದರೆ ಹೆಂಗಸರ ನಿಜವಾದ ಮಾತು ನಡೆಯುವುದು ಚಾಪೆಯ ಮೇಲೆ. ಯಾರ ಸೊಸೆ ಮುನಿಸಿಕೊಂಡಳು, ಯಾರ ಮನೆಯ ಸಂಬಂಧ ಏಕೆ ಮುರಿಯಿತು, ಎಲ್ಲವೂ ನೆಲಮಟ್ಟದಲ್ಲೇ ಹರಿದಾಡುತ್ತದೆ. ಕುರ್ಚಿಯ ಎತ್ತರಕ್ಕೆ ಏರಿ ಬರುವುದು "ಬಿಪಿ ಹೆಂಗಿದೆ?" ಮತ್ತು "ಸಕ್ರೆ ಹಾಕ್ಬೋದಾ?" ಎಂಬ ಎರಡೇ ಪ್ರಶ್ನೆ. ನಮ್ಮ ದೇವರುಗಳನ್ನೇ ನೋಡಿ. ನಿಂತವರಿದ್ದಾರೆ, ಪದ್ಮಾಸನ ಹಾಕಿದವರಿದ್ದಾರೆ, ಹಾವಿನ ಮೇಲೆ ಮಲಗಿದವರೂ ಇದ್ದಾರೆ. ಬೆನ್ನು ಆನಿಸಿ ಎರಡೂ ಕಾಲು ಇಳಿಬಿಟ್ಟು ಕುರ್ಚಿಯಲ್ಲಿ ಕೂತವರನ್ನು ಯಾವ ಗುಡಿಯಲ್ಲೂ ನಾನು ಕಂಡಿಲ್ಲ. ಅವರ ಮಂಡಿಗಳು ಅಷ್ಟು ಯುಗ ಬಾಳಿದ್ದು ಅದಕ್ಕೇ ಇರಬೇಕು.

ನನ್ನ ಮಂಡಿಗಳನ್ನು ತುಮಕೂರಿನ ಡಾಕ್ಟರಿಗೆ ತೋರಿಸಿದೆ. ನನ್ನ ಹಳೆಯ ವಿದ್ಯಾರ್ಥಿನಿಯಷ್ಟು ವಯಸ್ಸಿನ ಹೆಣ್ಣುಮಗಳು. "ದಿನಾ ನೆಲದ ಮೇಲೆ ಕೂತು ಏಳಿ ಆಂಟಿ, ಮೊದಮೊದಲು ಮಂಚ ಹಿಡ್ಕೊಳ್ಳಿ" ಎಂದಳು. ಹಾಗೇ ಮಾಡಿದೆ. ಎರಡು ತಿಂಗಳಲ್ಲಿ ಮಂಚ ಹಿಡಿದು ಪುಟಿದು ಏಳುವಂತಾದೆ. ಅದರಲ್ಲಿ ನನ್ನ ಪಾಲೆಷ್ಟು, ಮಂಚದ ಪಾಲೆಷ್ಟು ಎಂದು ಯೋಚಿಸಲಿಲ್ಲ.

ಆ ಹುಮ್ಮಸ್ಸಿನಲ್ಲೇ ಶಿರಾದಾಚೆ, ಪಟ್ಟನಾಯಕನಹಳ್ಳಿ ಕಡೆಯ ನನ್ನ ತವರಿಗೆ ಹೋದೆ. ಬಿತ್ತನೆಗೆಂದು ಕಡಲೆಕಾಯಿ ಸುಲಿಯುವ ಕಾಲ. ಗಾಣಕ್ಕೆ ಹೋಗುವ ಕಾಯನ್ನು ಮಿಷನ್ನಿಗೆ ಸುರಿದರೆ ಆಯಿತು. ಬಿತ್ತುವ ಬೀಜಕ್ಕೆ ಮಾತ್ರ ಕೈಯೇ ಆಗಬೇಕು, ಒಳಸಿಪ್ಪೆ ತರಚಿದರೂ ಮೊಳಕೆಯ ಆಸೆ ಬಿಡಬೇಕು. ತಮ್ಮನ ಹೆಂಡತಿ ಪುಟ್ಟಮ್ಮನ ಜಗಲಿಯಲ್ಲಿ ಏಳೆಂಟು ಹೆಂಗಸರು ರಾಶಿಯ ಸುತ್ತ ಕೂತಿದ್ದರು. ಪುಟ್ಟಮ್ಮ ಕುರ್ಚಿ ತಂದಳು. ಅದನ್ನು ಪಕ್ಕಕ್ಕೆ ತಳ್ಳಿ, ಎಲ್ಲರೂ ನೋಡಲೆಂದೇ, ರಂಗಮ್ಮನ ಎದುರಿಗೆ ನೆಲಕ್ಕಿಳಿದೆ. ರಂಗಮ್ಮ ಪಕ್ಕದ ಮನೆಯವಳು, ನನಗಿಂತ ನಾಲ್ಕು ವರ್ಷ ದೊಡ್ಡವಳು, ಇವತ್ತಿಗೂ ಕಳೆ ಕೀಳಲು ಹೋಗುವವಳು.

"ಮೇಡಮ್ಮಾರು ಹುಡ್ಗಿ ಆಗ್ಬುಟ್ರು ಕಣ್ರೇ!" ಎಂದಳು.

ಆ ಮಧ್ಯಾಹ್ನ ನಾನು ಕೇಳಿದ ಸುದ್ದಿಗಳನ್ನು ಇಲ್ಲಿ ಬರೆಯುವಂತಿಲ್ಲ. ನಕ್ಕೂ ನಕ್ಕೂ ಪಕ್ಕೆ ನೋವು ಬಂತು. ನಾಲ್ಕು ಗಂಟೆಯಾದಾಗ ಹಾಲು ಕರೆಯಲು, ಒಲೆ ಹಚ್ಚಲು ಎಂದು ಒಬ್ಬೊಬ್ಬರೇ ಸೀರೆ ಕೊಡವಿಕೊಂಡು ಎದ್ದರು. ನಾನೂ ಏಳಲು ನೋಡಿದೆ. ಮಂಡಿಗಳು ಒಪ್ಪಲಿಲ್ಲ. ಕೈ ತಾನಾಗಿ ಬಲಕ್ಕೆ ಚಾಚಿತು. ಅಲ್ಲಿ ಮಂಚವಿರಲಿಲ್ಲ.

ಪುಟ್ಟಮ್ಮನನ್ನು ಕೂಗಿದ್ದರೆ ಎತ್ತುತ್ತಿದ್ದಳು. ಆದರೆ ಮುಂದಿನ ಸಲದಿಂದ ನನಗೆ ಕುರ್ಚಿಯೇ ಗತಿ, ಈ ಮಾತು, ಈ ನಗು ಯಾವುದೂ ಇಲ್ಲ. ಇನ್ನೊಂದು ಹಿಡಿ ಕಾಯಿ ಮಡಿಲಿಗೆ ಎಳೆದುಕೊಂಡೆ. "ನೀವು ನಡೀರಿ, ಇಷ್ಟು ಮುಗಿಸಿ ಏಳ್ತೀನಿ" ಎಂದೆ. ಎಲ್ಲರೂ ನನ್ನ ಶ್ರದ್ಧೆಯನ್ನು ಮೆಚ್ಚಿಕೊಂಡು ಹೋದರು. ರಂಗಮ್ಮ ಮಾತ್ರ ಅಲ್ಲಾಡಲಿಲ್ಲ. "ನಾನೂ ಒಂದೀಟು ಸುಲ್ದು ಬತ್ತೀನಿ" ಎಂದಳು. ಈ ಮುದುಕಿ ಹೋದರೆ ಹೇಗಾದರೂ ತೆವಳಿ ಕಂಬ ಹಿಡಿಯೋಣವೆಂದುಕೊಂಡು ಸುಲಿದೆ. ಅವಳೂ ಸುಲಿದಳು. ರಾಶಿ ಕರಗಿತು. ಹಿಂದಿದ್ದ ಇನ್ನೊಂದು ಮೂಟೆಯನ್ನು ಹತ್ತಿರಕ್ಕೆ ಎಳೆದುಕೊಂಡೆ. ಅವಳು ಅದಕ್ಕೂ ಬೇಡವೆನ್ನದೆ ಕೈ ಹಾಕಿದಳು.

ಹಾಲಿನ ಚೊಂಬು ಹಿಡಿದು ಬಂದ ಪುಟ್ಟಮ್ಮ ಬಾಯಿಮೇಲೆ ಕೈಯಿಟ್ಟಳು. "ಅಯ್ಯೋ ಅಕ್ಕ, ಅದು ಗಾಣಕ್ಕಿಟ್ಟಿದ್ ಮೂಟೆ ಕಣಕ್ಕ! ಅದನ್ಯಾಕೆ ಕೈಯಾಗೆ ಸುಲೀತಾ ಕುಂತಿದೀರಿ?"

ನಾವಿಬ್ಬರೂ ಇನ್ನೊಂದೊಂದು ಕಾಯಿ ಸುಲಿದೆವು. ಇವರಿಗೆ ಅರಳುಮರಳು ಎಂದುಕೊಂಡಳೋ ಏನೋ, ಕಾಫಿ ಕಾಯಿಸಲು ಒಳಗೆ ಹೋದಳು. ರಂಗಮ್ಮ ನನ್ನತ್ತ ಬಗ್ಗಿದಳು.

"ಮೇಡಂ, ನೀವು ಯಾವಾಗ ಏಳ್ತೀರಿ?"

"ನೀನು ಹೋದ ಮೇಲೆ."

"ಅಯ್ಯೋ ಶಿವ್ನೆ! ನೀವ್ ಹೋಗ್ಲಿ ಅಂತ ನಾನ್ ಕುಂತಿವ್ನಿ! ನಂಗ್ ಏಳಾಕ್ ಬತ್ತದೆ ಕಣಮ್ಮ. ಆದ್ರೆ ಹಸ ಎದ್ದಂಗೆ ಏಳ್ಬೇಕು, ಹಿಂದ್ಲು ಮೊದ್ಲು. ಓದ್ಕಂಡೋರ್ ಮುಂದೆ ಅದನ್ ಹೆಂಗ್ ಎತ್ಲಿ?"

"ನನಗೆ ಯಾವ ಥರದಲ್ಲೂ ಏಳಕ್ಕೆ ಬರ್ತಿಲ್ಲ ರಂಗಮ್ಮ" ಎಂದೆ. ಈ ಒಂದು ವಾಕ್ಯ ಹೇಳಲು ನನಗೆ ಒಂದೂವರೆ ಮೂಟೆ ಕಡಲೆಕಾಯಿ ಬೇಕಾಯಿತು.

ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ನಾಚಿಕೆ ಬಿಟ್ಟು ಪಾಠ ಶುರುಮಾಡಿದಳು. ಒಂದು ಮಗ್ಗುಲಿಗೆ ಹೊರಳಿ, ಅಂಗೈ ಮಂಡಿ ಎರಡನ್ನೂ ಊರಿ, ಹಿಂದಲು ಮೇಲೆತ್ತಿ, ಒಂದು ಪಾದ ಮುಂದಿಟ್ಟು, ತೊಡೆಯ ಮೇಲೆ ಭಾರ ಹಾಕಿ ಎದ್ದುನಿಂತಳು. "ಈಗ ನೀವು. ಉಸ್ರು ಬಿಗಿ ಹಿಡೀಬ್ಯಾಡಿ, ನಿಧಾನುಕ್ಕೆ." ಮೊದಲ ಸಲ ಹೊಟ್ಟಿನ ಮೇಲೆ ಮುಗ್ಗರಿಸಿದೆ. ಎರಡನೆಯ ಸಲ ಎದ್ದೆ. ಮಂಚವಿಲ್ಲ, ಕಂಬವಿಲ್ಲ, ಯಾರ ಕೈಯೂ ಇಲ್ಲ. ಅರವತ್ತೆಂಟರಲ್ಲಿ ಒಬ್ಬಳು ತಾನಾಗಿ ನೆಲದಿಂದ ಎದ್ದಳು ಎಂದರೆ ಪೇಪರಿನಲ್ಲಿ ಹಾಕುವುದಿಲ್ಲ, ಆದರೂ ನನಗೆ ಅವತ್ತು ಹಾಗೆ ಹಾಕಬೇಕೆನಿಸಿತು.

ಮೊಬೈಲಿಗೆ ದಿನಾ ಬಂದು ಬೀಳುವ ಆರೋಗ್ಯದ ಸಲಹೆಗಳಲ್ಲಿ ಮೆಂತ್ಯ ಇದೆ, ಬೆಳ್ಳುಳ್ಳಿ ಇದೆ, ಬೆಳಗಿನ ನಡಿಗೆ ಇದೆ. ಹಿಂದಲು ಮೊದಲು ಎತ್ತಿ ಎಂದು ಯಾರೂ ಕಳಿಸಿದ್ದಿಲ್ಲ. ಕಳಿಸಿದ್ದರೂ ನಾನು ಮಾಡುತ್ತಿರಲಿಲ್ಲವೇನೋ. ಮಂಡಿಗಿಂತ ಬಿಗಿಯಾಗಿದ್ದದ್ದು ನನ್ನ ಬಿಂಕ.

ಮುಂದಿನ ವಾರ ಮಧುಗಿರಿಯಲ್ಲಿ ಒಬ್ಬರ ಮನೆಯ ಅರಿಶಿನ ಕುಂಕುಮಕ್ಕೆ ಹೋದೆ, ಚಾಪೆಯ ಮೇಲೆ ಕೂತು ಹೊಟ್ಟೆ ತುಂಬ ಹರಟಿದೆ. ಹೊರಡುವಾಗ ತುಂಬಿದ ಸಭೆಯಲ್ಲಿ ಹಸುವಿನಂತೆ ಎದ್ದೆ. ಎಲ್ಲರ ಕಣ್ಣೂ ನನ್ನ ಮೇಲೆ ಬಿದ್ದವು. ಮುಖಕ್ಕೆ ರಕ್ತ ನುಗ್ಗಿತು. ಆಗ, ಗೋಡೆಬದಿಯ ಕುರ್ಚಿಯಲ್ಲಿ ಕೂತಿದ್ದ ನಮ್ಮ ಹಳೆಯ ಹೆಡ್‌ಮೇಡಂ, ಇಡೀ ಶಾಲೆಯನ್ನು ಒಂದೇ ನೋಟದಲ್ಲಿ ನಡುಗಿಸುತ್ತಿದ್ದವರು, ನನ್ನ ಸೆರಗು ಜಗ್ಗಿ ಕಿವಿಯ ಹತ್ತಿರ ಕೇಳಿದರು:

"ಅದನ್ನ ಇನ್ನೊಂದ್ಸಲ ತೋರಿಸ್ತೀರಾ? ಸ್ವಲ್ಪ ನಿಧಾನವಾಗಿ."

ತೋರಿಸಲೆಂದು ನಾನು ಮತ್ತೆ ಕೂತೆ. ಅವರೂ ನನ್ನ ಭುಜ ಹಿಡಿದು ಮೆಲ್ಲಗೆ ಚಾಪೆಗೆ ಇಳಿದರು.